ಇ-ತ್ಯಾಜ್ಯ ಕಾನೂನು: ಕೇಳಿದ್ದೂ ಉದ್ಯಮ, ಕೋರ್ಟಿಗೆ ಹೋದದ್ದೂ ಉದ್ಯಮ

ಬಳಕೆ ಮುಗಿದ ಕಂಪ್ಯೂಟರ್, ಟಿ.ವಿ., ಮೊಬೈಲ್ ಫೋನ್, ಫ್ರಿಜ್ ಮುಂತಾದ ಉಪಕರಣಗಳು ಹಾಗೂ ಅವುಗಳ ಬಿಡಿಭಾಗಗಳನ್ನು ವಿದ್ಯುನ್ಮಾನ ತ್ಯಾಜ್ಯ ಅಥವಾ ಇ-ತ್ಯಾಜ್ಯ ಎಂದು ಕರೆಯಲಾಗುತ್ತದೆ. ಇವುಗಳ ಸರ್ಕ್ಯೂಟ್ ಬೋರ್ಡಿನಲ್ಲಿ ತಾಮ್ರ, ಬೆಳ್ಳಿ ಹಾಗೂ ಅತ್ಯಲ್ಪ ಪ್ರಮಾಣದ ಚಿನ್ನ ಇರುತ್ತವೆ. ಅದೇ ಉಪಕರಣಗಳಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸದಂತಹ ವಿಷವಸ್ತುಗಳೂ ಇರುತ್ತವೆ. ಸಂಪತ್ತನ್ನು ತೆಗೆಯಲು ಹೋದವರು ವಿಷವನ್ನೂ ಮುಟ್ಟಲೇಬೇಕು. ಆದುದರಿಂದ ಇದನ್ನು ಯಾರು, ಯಾರ ಖರ್ಚಿನಲ್ಲಿ ಸಂಸ್ಕರಿಸಬೇಕು ಎಂಬುದು ಎರಡು ದಶಕಗಳಿಂದ ಚರ್ಚೆಯಲ್ಲಿರುವ ಪ್ರಶ್ನೆ.

ಸರ್ಕಾರದ ನಿಯಂತ್ರಣ ಬೇಡವೆನ್ನುವುದು ಉದ್ಯಮಗಳ ವಾಡಿಕೆ. ಇ-ತ್ಯಾಜ್ಯದ ವಿಷಯದಲ್ಲಿ ಮಾತ್ರ ಪ್ರತ್ಯೇಕ ಕಾನೂನು ಬೇಕೆಂದು ಕೇಂದ್ರದ ಬಾಗಿಲು ತಟ್ಟಿದವರಲ್ಲಿ ಕಂಪ್ಯೂಟರ್ ತಯಾರಕರೂ ಸೇರಿದ್ದರು. ಅದರ ಹಿಂದೆ ವ್ಯಾವಹಾರಿಕ ಕಾರಣವಿತ್ತು. ಹಳೆಯ ಯಂತ್ರಗಳನ್ನು ಸ್ವಇಚ್ಛೆಯಿಂದ ಹಿಂಪಡೆಯುವ ಕಂಪೆನಿ ಅದರ ವೆಚ್ಚವನ್ನು ತಾನೇ ಹೊರಬೇಕಿತ್ತು. ಬಿಡಿಭಾಗ ಜೋಡಿಸಿ ಅಗ್ಗದ ದರಕ್ಕೆ ಮಾರುವ ಪ್ರತಿಸ್ಪರ್ಧಿಗೆ ಆ ಹೊರೆ ಇರಲಿಲ್ಲ. ಹೊಣೆಯನ್ನು ಎಲ್ಲರಿಗೂ ಸಮನಾಗಿ ಹಂಚಲು ಕಾನೂನಿನಿಂದ ಮಾತ್ರ ಸಾಧ್ಯವಿತ್ತು.

ಬೆಂಗಳೂರಿನ ಪಾತ್ರ

ಈ ಬೆಳವಣಿಗೆಯಲ್ಲಿ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. ಸಾಫ್ಟ್‌ವೇರ್ ಕಚೇರಿಗಳು ಕೆಲವು ವರ್ಷಗಳಿಗೊಮ್ಮೆ ಕಂಪ್ಯೂಟರ್ ಬದಲಿಸುವ ಈ ನಗರದಲ್ಲಿ ಹಳೆಯ ಯಂತ್ರಗಳು ಹರಾಜಿನ ಮೂಲಕ ಗುಜರಿ ವ್ಯಾಪಾರಿಗಳ ಕೈಸೇರುತ್ತಿದ್ದವು. ಗೌರಿಪಾಳ್ಯದಂತಹ ಬಡಾವಣೆಗಳ ಪುಟ್ಟ ಕೋಣೆಗಳಲ್ಲಿ ಅವುಗಳನ್ನು ಒಡೆಯಲಾಗುತ್ತಿತ್ತು. ತಂತಿ ಸುಟ್ಟು ತಾಮ್ರ, ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುವ ಈ ವಿಧಾನಗಳಲ್ಲಿ ಲೋಹದ ಒಂದು ಪಾಲು ನಷ್ಟವಾಗುತ್ತದೆ. ಹೊಗೆ ಮತ್ತು ಆಮ್ಲ ಕೆಲಸಗಾರರ ಶ್ವಾಸಕೋಶಕ್ಕೂ ಚರಂಡಿಗೂ ಸೇರುತ್ತವೆ.

2005ರಲ್ಲಿ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ ಇ-ಪರಿಸರ ಘಟಕ ಆರಂಭಗೊಂಡಿತು. ಸರ್ಕಾರದ ಅಧಿಕೃತ ಪರವಾನಗಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕವೆಂದು ಇದು ಹೆಸರಾಗಿದೆ. ಇಂತಹ ಅಧಿಕೃತ ಘಟಕಗಳ ಮುಖ್ಯ ಸಮಸ್ಯೆ ತಂತ್ರಜ್ಞಾನದ್ದಾಗಿರಲಿಲ್ಲ. ಸಂಸ್ಕರಿಸಲು ಸಾಕಷ್ಟು ಸರಕೇ ಬರುತ್ತಿರಲಿಲ್ಲ. ಮಾಲಿನ್ಯ ನಿಯಂತ್ರಣ, ತೆರಿಗೆ, ಕಾರ್ಮಿಕರ ಸುರಕ್ಷತೆಗೆ ಖರ್ಚು ಮಾಡುವ ಘಟಕವು ಇವ್ಯಾವುದರ ಗೊಡವೆಯಿಲ್ಲದ ಗುಜರಿ ವ್ಯಾಪಾರಿಯಷ್ಟು ಬೆಲೆ ಕೊಡಲಾರದು.

ನಾಲ್ಕು ಸಂಸ್ಥೆಗಳ ಕರಡು

ಸಮಸ್ಯೆಯ ಗಾತ್ರ ತಿಳಿದದ್ದು 2007ರ ಅಧ್ಯಯನದಿಂದ. ಮಾಹಿತಿ ತಂತ್ರಜ್ಞಾನ ಉತ್ಪಾದಕರ ಸಂಘ ‘ಮೇಟ್’ ಮತ್ತು ಜರ್ಮನಿಯ ಅಭಿವೃದ್ಧಿ ಸಂಸ್ಥೆ ‘ಜಿಟಿಝಡ್’ ಜಂಟಿಯಾಗಿ ನಡೆಸಿದ ಈ ಅಧ್ಯಯನದ ಪ್ರಕಾರ, ಆ ವರ್ಷ ದೇಶದೊಳಗೆ 3,32,979 ಟನ್ ಇ-ತ್ಯಾಜ್ಯ ಉತ್ಪತ್ತಿಯಾಗಿತ್ತು. ಹೊರದೇಶಗಳಿಂದ ಸುಮಾರು 50,000 ಟನ್ ಬಂದಿಳಿದಿತ್ತು. ಸಂಸ್ಕರಣೆಯಾದದ್ದು ಸುಮಾರು 19,000 ಟನ್ ಮಾತ್ರ.

ಮೇಟ್, ಜಿಟಿಝಡ್, ಗ್ರೀನ್‌ಪೀಸ್ ಹಾಗೂ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಒಟ್ಟಾಗಿ ನಿಯಮಗಳ ಕರಡು ಸಿದ್ಧಪಡಿಸಿ 2009ರಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಸಲ್ಲಿಸಿದವು. ತಯಾರಕರ ಸಂಘವೂ ಅವರ ಕಟು ಟೀಕಾಕಾರರೂ ಒಂದೇ ಕರಡಿಗೆ ಬೆಂಬಲ ನೀಡಿದ್ದು ಅಪರೂಪದ ಸಂಗತಿ. ಇದರ ಫಲವಾಗಿ 2011ರ ಮೇ ತಿಂಗಳಲ್ಲಿ ಇ-ತ್ಯಾಜ್ಯ ನಿಯಮಗಳು ಪ್ರಕಟಗೊಂಡು, 2012ರ ಮೇ 1ರಂದು ಜಾರಿಗೆ ಬಂದವು. ‘ಉತ್ಪಾದಕರ ವಿಸ್ತೃತ ಹೊಣೆಗಾರಿಕೆ’ ಎಂಬ ತತ್ತ್ವ ಅವುಗಳ ಕೇಂದ್ರಬಿಂದು. ಸರಕು ಮಾರಾಟವಾದ ಮೇಲೂ, ಅದು ತ್ಯಾಜ್ಯವಾದಾಗ ವಿಲೇವಾರಿ ಮಾಡಿಸುವ ಹೊಣೆ ತಯಾರಕರದ್ದೇ ಎಂಬುದು ಇದರ ಸಾರ.

ಆದರೆ ಎಷ್ಟು ಸಂಗ್ರಹಿಸಬೇಕೆಂಬ ಅಂಕಿ ಆ ನಿಯಮಗಳಲ್ಲಿ ಇರಲಿಲ್ಲ. ಅಂಕಿಯಿಲ್ಲದ ಹೊಣೆ ಕಾಗದದಲ್ಲೇ ಉಳಿಯುವುದು ಸಹಜ. ಈ ಕೊರತೆಯನ್ನು 2016ರ ನಿಯಮಗಳು ತುಂಬಿದವು. ಮೊದಲೆರಡು ವರ್ಷ ಶೇ 30ರಷ್ಟು, ಏಳನೇ ವರ್ಷದ ಹೊತ್ತಿಗೆ ಶೇ 70ರಷ್ಟು ಸಂಗ್ರಹಿಸಬೇಕೆಂಬ ಗುರಿ ನಿಗದಿಯಾಯಿತು. ಅದು ಹೆಚ್ಚು ದಿನ ನಿಲ್ಲಲಿಲ್ಲ. 2018ರ ತಿದ್ದುಪಡಿ ಆರಂಭದ ಗುರಿಯನ್ನು ಶೇ 10ಕ್ಕೆ ಇಳಿಸಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಂತೆ 2019-20ರಲ್ಲಿ ಉತ್ಪತ್ತಿಯಾದ 10,14,961 ಟನ್ ಇ-ತ್ಯಾಜ್ಯದಲ್ಲಿ ಸುಮಾರು ಶೇ 22ರಷ್ಟು ಮಾತ್ರ ಅಧಿಕೃತವಾಗಿ ಸಂಸ್ಕರಣೆಯಾಯಿತು.

ಪ್ರಮಾಣಪತ್ರಕ್ಕೆ ಬೆಲೆ ಎಷ್ಟು?

2023ರ ಏಪ್ರಿಲ್ 1ರಿಂದ ಜಾರಿಯಾದ 2022ರ ನಿಯಮಗಳು ವ್ಯವಸ್ಥೆಯ ಸ್ವರೂಪವನ್ನೇ ಬದಲಿಸಿದವು. ವ್ಯಾಪ್ತಿ 21 ಬಗೆಯ ಉಪಕರಣಗಳಿಂದ 106ಕ್ಕೆ ವಿಸ್ತರಿಸಿತು. ನೋಂದಾಯಿತ ಮರುಬಳಕೆದಾರರು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಈ ನಾಲ್ಕು ಲೋಹಗಳನ್ನು ಹೊರತೆಗೆದ ಲೆಕ್ಕ ತೋರಿಸಿ ಪ್ರಮಾಣಪತ್ರ ಪಡೆಯುತ್ತಾರೆ. ತಯಾರಕರು ಅವನ್ನು ಕೊಂಡು ತಮ್ಮ ಗುರಿ ಪೂರೈಸಬೇಕು. ಹೀಗೆ ಹೊಣೆಗಾರಿಕೆ ಎಂಬುದು ಮಾರುಕಟ್ಟೆಯ ಸರಕಾಯಿತು.

ಸರಕು ಎಂದ ಮೇಲೆ ಕಲಬೆರಕೆಯ ಭಯವೂ ಉಂಟು. ಇದೇ ಬಗೆಯ ಪ್ಲಾಸ್ಟಿಕ್ ವ್ಯವಸ್ಥೆಯಲ್ಲಿ ಕರ್ನಾಟಕ, ಗುಜರಾತ್ ಮತ್ತು ಮಹಾರಾಷ್ಟ್ರದ ನಾಲ್ಕು ಕಂಪೆನಿಗಳು 6 ಲಕ್ಷದಷ್ಟು ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದನ್ನು 2023ರಲ್ಲಿ ಮಂಡಳಿಯೇ ಪತ್ತೆಹಚ್ಚಿತು. ಪ್ರಮಾಣಪತ್ರದ ಬೆಲೆ ತೀರಾ ಕುಸಿದರೆ ಪ್ರಾಮಾಣಿಕವಾಗಿ ಸಂಸ್ಕರಿಸುವವನಿಗೆ ಗಿಟ್ಟುವುದಿಲ್ಲ. ಕಾಗದ ತಯಾರಿಸುವವನಿಗೆ ಮಾತ್ರ ಗಿಟ್ಟುತ್ತದೆ. ಕನಿಷ್ಠ ಬೆಲೆಯ ಪರವಾದ ಮುಖ್ಯ ವಾದ ಇದೇ.

2024ರ ಸೆಪ್ಟೆಂಬರ್‌ನಲ್ಲಿ ಗೃಹೋಪಯೋಗಿ ವಿದ್ಯುನ್ಮಾನ ಉಪಕರಣಗಳಿಗೆ ಕಿಲೋಗ್ರಾಂಗೆ 22 ರೂಪಾಯಿ, ಸ್ಮಾರ್ಟ್‌ಫೋನ್‌ಗಳಿಗೆ 34 ರೂಪಾಯಿ ಕನಿಷ್ಠ ದರ ಗೊತ್ತುಪಡಿಸಲಾಯಿತು. ಡೈಕಿನ್, ಹ್ಯಾವೆಲ್ಸ್, ವೋಲ್ಟಾಸ್, ಅನಂತರ ಸ್ಯಾಮ್‌ಸಂಗ್, ಎಲ್‌ಜಿ ಮುಂತಾದ ಕಂಪೆನಿಗಳು ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದವು. ದರ ನಿಗದಿ ಸರ್ಕಾರದ ಕೆಲಸವಲ್ಲ, ಇದರಿಂದ ವೆಚ್ಚ ಹಲವು ಪಟ್ಟು ಏರುತ್ತದೆ ಎಂಬುದು ತಯಾರಕರ ವಾದ. ಹೆಚ್ಚಿನ ಕಂಪೆನಿಗಳು ಹೊಣೆಗಾರಿಕೆಯ ತತ್ತ್ವವನ್ನು ಈಗ ವಿರೋಧಿಸುತ್ತಿಲ್ಲ. ಜಗಳವಿರುವುದು ಕಿಲೋಗ್ರಾಂ ಲೆಕ್ಕದಲ್ಲಿ. ‘ಉದ್ಯಮದ ಅಭಿಪ್ರಾಯ’ ಎಂಬ ಮಾತನ್ನು ಓದುವಾಗ, ಅದು ಯಂತ್ರ ಮಾರುವವರದ್ದೋ ಒಡೆಯುವವರದ್ದೋ ಎಂದು ಕೇಳಿಕೊಳ್ಳುವುದು ಲೇಸು. ಎರಡೂ ಉದ್ಯಮಗಳೇ, ಆದರೆ ಒಬ್ಬರ ಖರ್ಚು ಇನ್ನೊಬ್ಬರ ಆದಾಯ.

ಮಾತುಕತೆಯಲ್ಲಿ ಇಲ್ಲದವರು

ಈ ಹಗ್ಗಜಗ್ಗಾಟದಲ್ಲಿ ದನಿಯಿಲ್ಲದವರು ಮನೆಮನೆಯಿಂದ ಸರಕು ತರುವ ಗುಜರಿಯವರು. 2016ರ ನಿಯಮಗಳಲ್ಲಿ ಸಂಗ್ರಹ ಕೇಂದ್ರ, ಬಿಡಿಭಾಗ ಬೇರ್ಪಡಿಸುವ ಘಟಕ ಹಾಗೂ ಉತ್ಪಾದಕರ ಪರವಾಗಿ ಸಂಗ್ರಹಿಸುವ ಸಂಸ್ಥೆಗಳಿಗೆ ಸ್ಥಾನವಿತ್ತು. 2022ರ ನಿಯಮಗಳು ನೋಂದಣಿಯನ್ನು ಉತ್ಪಾದಕ, ತಯಾರಕ, ದುರಸ್ತಿಗಾರ ಮತ್ತು ಮರುಬಳಕೆದಾರ ಎಂಬ ನಾಲ್ಕು ವರ್ಗಗಳಿಗೆ ಸೀಮಿತಗೊಳಿಸಿವೆ. ಸಂಗ್ರಹಣೆಯ ಕೊಂಡಿಯೇ ಕಾನೂನಿನ ಕಣ್ಣಿಂದ ಮರೆಯಾದರೆ, ಹಳೆಯ ಫೋನು ಅಧಿಕೃತ ಘಟಕದವರೆಗೆ ತಲುಪುವ ದಾರಿ ಯಾವುದು ಎಂಬುದಕ್ಕೆ ನಿಯಮಗಳಲ್ಲಿ ಸ್ಪಷ್ಟ ಉತ್ತರ ಸಿಗುವುದಿಲ್ಲ.

ಲೋಹಗಳ ಪಟ್ಟಿಯ ಬಗೆಗೂ ಆಕ್ಷೇಪಕ್ಕೆ ಎಡೆಯಿದೆ. ಬ್ಯಾಟರಿ, ಅಯಸ್ಕಾಂತ, ಬೋರ್ಡುಗಳಲ್ಲಿರುವ ಕೋಬಾಲ್ಟ್, ನಿಯೋಡೈಮಿಯಂ, ಪಲ್ಲಾಡಿಯಂನಂತಹ ವಿರಳ ಲೋಹಗಳು ಆ ನಾಲ್ಕರಲ್ಲಿ ಸೇರಿಲ್ಲ. ಇವುಗಳಲ್ಲಿ ಹಲವಕ್ಕೆ ಭಾರತ ಆಮದನ್ನೇ ಅವಲಂಬಿಸಿದೆ. ಈ ಹಿನ್ನೆಲೆಯಲ್ಲಿ ಕೇಂದ್ರ ಸಚಿವ ಸಂಪುಟವು 2025ರ ಸೆಪ್ಟೆಂಬರ್‌ನಲ್ಲಿ ನಿರ್ಣಾಯಕ ಖನಿಜಗಳ ಮರುಬಳಕೆಗೆ 1,500 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ನೀಡಿತು. ಇ-ತ್ಯಾಜ್ಯ ಮತ್ತು ಲಿಥಿಯಂ ಬ್ಯಾಟರಿ ಗುಜರಿ ಎರಡೂ ಇದರ ವ್ಯಾಪ್ತಿಗೆ ಬರುತ್ತವೆ. ಮೊತ್ತದ ಮೂರನೇ ಒಂದು ಭಾಗವನ್ನು ಸಣ್ಣ ಹಾಗೂ ಹೊಸ ಮರುಬಳಕೆದಾರರಿಗೆ ಮೀಸಲಿಡಲಾಗಿದೆ.