ಸಿಪಾಯಿ ಇಲ್ಲದ ಸಾಲಿ

ಧಾರವಾಡ ಸೀಮೆಯ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮುಖ್ಯ ಗುರುವಾಗಿ ನಿವೃತ್ತನಾದವನು ನಾನು. ಶಾಲೆಗೆ ಎಷ್ಟು ಮಂದಿ ಬೇಕು ಎಂಬ ಲೆಕ್ಕ ಎಲ್ಲಿಂದ ಶುರುವಾಯಿತು ಎಂದು ಯಾರಾದರೂ ಕೇಳಿದರೆ 1823ರ ಬಳ್ಳಾರಿಯಿಂದ ಎನ್ನುತ್ತೇನೆ. ಆ ವರ್ಷ ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಬರೆದ ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು. ಭಾಗಿಸಿದರೆ ಶಾಲೆಗೆ ಹನ್ನೆರಡು, ಹದಿಮೂರು ಮಕ್ಕಳು. ಹೆಣ್ಣುಮಕ್ಕಳು ಎಲ್ಲ ಸೇರಿ ನೂರೂ ಇರಲಿಲ್ಲ, ಅದು ಬೇರೆ ಮಾತು. ಓದಿನಲ್ಲಿ ಮುಂದಿದ್ದ ಹುಡುಗರು ಹಿಂದಿದ್ದವರಿಗೆ ಕಲಿಸುತ್ತಿದ್ದ ಪದ್ಧತಿಯನ್ನು ಸಾಹೇಬರು ಬಹಳ ಮೆಚ್ಚಿಕೊಂಡರು. ಮೆಚ್ಚದೆ ಏನು, ಆ ಹುಡುಗರಿಗೆ ಸಂಬಳ ಕೊಡಬೇಕಿರಲಿಲ್ಲವಲ್ಲ! ಶಾಲೆಯ ಅರ್ಧ ಕೆಲಸ ಪುಕ್ಕಟೆ ನಡೆಯುತ್ತದೆ ಎಂಬ ನಂಬಿಕೆ ಅಂದಿನಿಂದ ಇಂದಿನವರೆಗೂ ಸರ್ಕಾರಗಳನ್ನು ಬಿಟ್ಟಿಲ್ಲ.

ಆಗ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಕಡೆ 1923ರ ಮುಂಬೈ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದ ಮೇಲೆ ಕನ್ನಡ ಶಾಲೆಗಳು ಲೋಕಲ್ ಬೋರ್ಡುಗಳ ಕೈಗೆ ಬಂದವು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು ಮಾಸ್ತರಿಕೆಗೆ ಸೇರಬಹುದಿತ್ತು. ಎಷ್ಟೋ ಹಳ್ಳಿಗಳಲ್ಲಿ ಸಾಲಿ ಮಾಸ್ತರರೇ ಪೋಸ್ಟ್ ಮಾಸ್ತರರು. ಟಪಾಲು ಚೀಲ ಬಂದಾಗ ಮಗ್ಗಿ ಹೇಳಿಸುವ ಕೆಲಸ ವರ್ಗದ ಜಾಣ ಹುಡುಗನ ಪಾಲಿಗೆ. ಕಸ ಗುಡಿಸುವುದು, ನೀರು ತುಂಬುವುದು ಮಕ್ಕಳ ಪಾಳಿ. ದೊಡ್ಡ ಊರಿನ ಶಾಲೆಗೆ ಒಬ್ಬ ಸಿಪಾಯಿ, ಅಂದರೆ ಜವಾನ, ಇದ್ದರೆ ಅದು ಆ ಊರಿನ ಪುಣ್ಯ.

ಏಕೀಕರಣವಾಯಿತು, 1961ರಲ್ಲಿ ಕಡ್ಡಾಯ ಶಿಕ್ಷಣದ ಕಾಯ್ದೆ ಬಂತು. ಮಕ್ಕಳು ಹೆಚ್ಚಾದರು, ಮಾಸ್ತರರು ಆ ವೇಗದಲ್ಲಿ ಹೆಚ್ಚಲಿಲ್ಲ. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಏಕೋಪಾಧ್ಯಾಯ ಶಾಲೆಗೆ ಎರಡನೆಯವರನ್ನು ಕೊಡಬೇಕು, ಅವರು ಆದಷ್ಟೂ ಮಹಿಳೆಯಾಗಿರಬೇಕು ಎಂದಿತು. ಎಷ್ಟೋ ಊರಿನ ಮಕ್ಕಳು ಅಕ್ಕೋರ ಮುಖ ಕಂಡದ್ದು ಆಮೇಲೆಯೇ. ನಿಜವಾಗಿ ಕೈತುಂಬ ಶಿಕ್ಷಕರು ಬಂದದ್ದು 1994ರ ನಂತರ, ಶೃಂಗೇರಿಯ ಎಚ್. ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿಯಾಗಿದ್ದಾಗ. ಲಕ್ಷದಷ್ಟು ಶಿಕ್ಷಕರನ್ನು ಅಂಕಗಳ ಮೇಲೆ, ಲಂಚದ ಮಾತೇ ಇಲ್ಲದೆ ನೇಮಿಸಿದವರು ಎಂದು ನಮ್ಮ ತಲೆಮಾರಿನವರು ಇಂದಿಗೂ ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ. ಆದರೆ ಆಗಲೂ ಬಂದವರು ಶಿಕ್ಷಕರೇ. ಗುಮಾಸ್ತ, ಜವಾನ ಎಂಬ ಹುದ್ದೆಗಳು ಹೈಸ್ಕೂಲಿನ ಗೇಟಿನಲ್ಲೇ ನಿಂತುಬಿಟ್ಟವು.

ಪಾಠ ಮಾಡದ ಸಿಬ್ಬಂದಿ ನಮ್ಮ ಅಂಗಳಕ್ಕೆ ಕಾಲಿಟ್ಟದ್ದು ಅಕ್ಷರ ದಾಸೋಹದಿಂದ. 2002ರಲ್ಲಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾದ ಬಿಸಿಯೂಟ ಮರುವರ್ಷ ನಮಗೂ ಬಂತು. ಕೇಂದ್ರದ ಲೆಕ್ಕದಲ್ಲಿ 25 ಮಕ್ಕಳವರೆಗೆ ಒಬ್ಬರು ಅಡುಗೆಯವರು, ನೂರರವರೆಗೆ ಇಬ್ಬರು, ಆಮೇಲೆ ನೂರಕ್ಕೊಬ್ಬರು. 2009ರಲ್ಲಿ ಗೊತ್ತುಮಾಡಿದ ಗೌರವಧನ ತಿಂಗಳಿಗೆ 1,000 ರೂಪಾಯಿ. ಸಂಬಳವಲ್ಲ, ಗೌರವಧನ. ನಮ್ಮ ಶಾಲೆಯ ಮುಖ್ಯ ಅಡುಗೆಯವರು ಒಲೆ ಹಚ್ಚುವ ಮುಂಚೆ ಬಾಗಿಲಿಗೆ ಬಂದು, "ಸರ್ರ, ನೀವು ಬರಕೋತ ಕುಂತೀರಿ, ಗಂಟಿ ನಾನೇ ಹೊಡೀಲೇನ್ರಿ?" ಎನ್ನುತ್ತಿದ್ದರು. ತೊಲೆಗೆ ನೇತುಹಾಕಿದ್ದ ರೈಲು ಹಳಿಯ ತುಂಡಿಗೆ ಅವರು ಹೊಡೆದರೆ ಪ್ರಾರ್ಥನೆ. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಸೇರಿದ ಮೇಲೆ ಬೆಳಿಗ್ಗೆ ಅವರಿಗೂ ಪುರುಸೊತ್ತಿಲ್ಲ. ಹಾಲಿನ ಪುಡಿ ಕಲಸುವುದು, ಲೋಟ ತೊಳೆಯುವುದು. ಗಂಟೆ ಮತ್ತೆ ನನ್ನ ಕೈಗೆ.

2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ನಾನು ಕನ್ನಡಕ ಒರೆಸಿಕೊಂಡು ಓದಿದ್ದೇನೆ. ಆರರಿಂದ ಎಂಟಕ್ಕೆ ತರಗತಿಗೆ ಒಬ್ಬರಾದರೂ ಶಿಕ್ಷಕರು: ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗಳಿಗೊಬ್ಬರು, 35 ಮಕ್ಕಳಿಗೆ ಒಬ್ಬರಂತೆ. ಕನ್ನಡ, ಇಂಗ್ಲಿಷ್, ಹಿಂದಿ ಮೂರನ್ನೂ ಕಲಿಸಬೇಕಾದ ನಮ್ಮಲ್ಲಿ ಭಾಷೆಗೆ ಒಬ್ಬರೇ ಎಂದರೆ ಹೇಗೆ ಎಂದು ಬರೆದವರೇ ಹೇಳಬೇಕು. ನೂರು ಮಕ್ಕಳು ಮೀರಿದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು, ಜೊತೆಗೆ ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು. ನಮ್ಮ ಪಿ.ಟಿ. ಮಾಸ್ತರರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಯಾರೂ ಬರಲಿಲ್ಲ. ವಾಲಿಬಾಲ್ ನೆಟ್ಟು ಕಪಾಟಿನಲ್ಲೇ ಇಲಿ ಪಾಲಾಯಿತು.

ಅದೇ ಅನುಸೂಚಿ ಕಟ್ಟಡದ ಭಾಗದಲ್ಲಿ ಕಚೇರಿಗೂ ಉಗ್ರಾಣಕ್ಕೂ ಮುಖ್ಯ ಶಿಕ್ಷಕರಿಗೂ ಸೇರಿ ಒಂದು ಕೋಣೆ ಇರಬೇಕೆನ್ನುತ್ತದೆ. ಆ ಕಚೇರಿಯಲ್ಲಿ ಕೂತು ಬರೆಯುವ ಗುಮಾಸ್ತನ ಹುದ್ದೆ ಎಲ್ಲೂ ಇಲ್ಲ. ಶೌಚಾಲಯ ಬೇಕೆನ್ನುತ್ತದೆ, ತೊಳೆಯುವವರನ್ನು ಹೇಳುವುದಿಲ್ಲ. ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಬೋಧಕೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ ನಿಜ. ಆದರೆ ಹಾಜರಿ, ದಾಖಲಾತಿ ರಿಜಿಸ್ಟರು, ಅಕ್ಕಿ-ಬೇಳೆಯ ದಾಸ್ತಾನು, ವಿದ್ಯಾರ್ಥಿವೇತನದ ಅರ್ಜಿ, ಸ್ಯಾಟ್ಸ್, ಯು-ಡೈಸ್ ಎಂಬ ಆನ್‌ಲೈನ್ ದಾಖಲೆಗಳು ಇವನ್ನೆಲ್ಲ ಯಾರೂ ಬೋಧಕೇತರ ಎನ್ನಲಿಲ್ಲ. ಏಳನೆಯವರಿಗೆ ಭಿನ್ನರಾಶಿ ಕೊಟ್ಟು, ಟಿ.ಸಿ. ಬೇಕೆಂದು ಬಂದ ಪಾಲಕರಿಗೆ ಹಳೆಯ ರಿಜಿಸ್ಟರು ಹುಡುಕುತ್ತ ಕೂತರೆ ಪೀರಿಯಡ್ಡು ಮುಗಿದೇ ಹೋಗುತ್ತಿತ್ತು.

2022ರಲ್ಲಿ ಸರ್ಕಾರ ಆರರಿಂದ ಎಂಟನೇ ತರಗತಿಗಳಿಗೆಂದೇ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಅರ್ಜಿ ಕರೆಯಿತು. ಒಳ್ಳೆಯದೇ. ಆದರೆ ಗಣಿತದ ಪದವೀಧರರನ್ನು ತಂದು ಅಕ್ಕಿ ತೂಗಲು ಕೂರಿಸಬೇಡಿ. ನೂರು ಮಕ್ಕಳಿರುವ ಪ್ರತಿ ಹಿರಿಯ ಪ್ರಾಥಮಿಕ ಶಾಲೆಗೆ ಒಬ್ಬ ಗುಮಾಸ್ತ, ಒಬ್ಬ ಸಿಪಾಯಿಯನ್ನು ಮಂಜೂರು ಮಾಡಿ. ಅಡುಗೆಯವರಿಗೆ ಗೌರವಧನ ಬಿಟ್ಟು ಸಂಬಳ ಕೊಡಿ. ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇರುವವರು ಮುಂದಿನ ಸಭೆಯ ಠರಾವಿನಲ್ಲಿ ಇದನ್ನು ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕಳಿಸಿ ಎಂದು ನನ್ನ ವಿನಂತಿ.