ಆ ಮಗಳನ್ನು ಯಾರಾದರೂ ಕೇಳಿದ್ರಾ?

1852. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ. ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ದೀಕ್ಷಾಸ್ನಾನ ಮಾಡಿಸ್ತಾರೆ. ಧರ್ಮಮಾತೆಯಾಗಿ ನಿಂತವಳು ಸಾಕ್ಷಾತ್ ವಿಕ್ಟೋರಿಯಾ ರಾಣಿ. ತನ್ನ ಹೆಸರನ್ನೇ ಆ ಮಗುವಿಗೆ ಇಡ್ತಾಳೆ. ಯಾರು ಆ ಹುಡುಗಿ? ನಮ್ಮ ಕೊಡಗಿನ ಗೌರಮ್ಮ. ವೀರಶೈವರಾದ ಹಾಲೇರಿ ಅರಸರ ಮನೆಮಗಳು. ಕೊನೆಯ ದೊರೆ ಚಿಕ್ಕವೀರರಾಜೇಂದ್ರನ ಕೂಸು.

ಮಡಿಕೇರಿಯ ಅರಸು ಮನೆತನ ಲಂಡನ್ನಿನವರೆಗೆ ಹೋಗಿದ್ದು ಹೇಗೆ? ಶುರುವಾಗಿದ್ದು ಮನೆಜಗಳದಿಂದ.

ಚಿಕ್ಕವೀರರಾಜೇಂದ್ರ ಒಳ್ಳೆಯ ರಾಜ ಅಂತ ನಾನೇನೂ ಹೇಳಲ್ಲ. ಅವನ ಕ್ರೌರ್ಯಕ್ಕೆ ನೆಂಟರೇ ನಡುಗ್ತಿದ್ರು. 1832ರಲ್ಲಿ ತಂಗಿ ದೇವಮ್ಮಾಜಿ, ಆಕೆಯ ಗಂಡ ಚೆನ್ನಬಸವ ಮೈಸೂರಿಗೆ ಓಡಿಹೋಗಿ ಬ್ರಿಟಿಷ್ ರೆಸಿಡೆಂಟನ ಆಶ್ರಯ ಪಡೆದರು. ಅವರನ್ನು ಒಪ್ಪಿಸಿ ಅಂದ ರಾಜ. ಆಗಲ್ಲ ಅಂತು ಕಂಪನಿ. ಮಾತುಕತೆಗೆ ಬಂದ ಕರುಣಾಕರ ಮೆನನ್‌ನನ್ನು ರಾಜ ಹಿಡಿದಿಟ್ಟ. ಕಂಪನಿಗೆ ಇನ್ನೇನು ಬೇಕಿತ್ತು ಹೇಳಿ? 1834ರಲ್ಲಿ ಸೈನ್ಯ ಬಂತು, ರಾಜ ಶರಣಾದ, ಕೊಡಗು ಹೋಯ್ತು. ಜನರ ಒಮ್ಮತದ ಇಚ್ಛೆಯಂತೆ ವಶಪಡಿಸಿಕೊಂಡಿದ್ದೇವೆ ಅಂತ ಘೋಷಣೆ ಬೇರೆ!

ಒಮ್ಮತವಾ? ಮೂರೇ ವರ್ಷಕ್ಕೆ ಉತ್ತರ ಸಿಕ್ತು. ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿದ್ದ ಅಮರ ಸುಳ್ಯದ ರೈತರು, ಬೆಳೆಯ ಬದಲು ನಗದಿನಲ್ಲಿ ಕಂದಾಯ ಕೊಡಿ ಅಂದಾಗ ಸಿಡಿದೆದ್ದರು. ಹಾಲೇರಿ ವಂಶದ ಹೆಸರು ಹೇಳಿ ಕಲ್ಯಾಣಸ್ವಾಮಿಯ ದಂಡು ಹೊರಟಿತು. 1837ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಾವುಟಗುಡ್ಡದಲ್ಲಿ ಅವರ ಬಾವುಟ ಹಾರಿತು. ಆದರೆ ಕೊಡಗಿನೊಳಗೇ ಹಲವರು ಬ್ರಿಟಿಷರ ಪರ ನಿಂತರು, ಪದಕ ಪಡೆದರು. ಇತ್ತ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲೇ ಗಲ್ಲಿಗೇರಿಸಿದರು. ಮೊದಲು ಮನೆ ಒಡೆದಿತ್ತು, ಈಗ ನಾಡೂ ಒಡೆಯಿತು.

ರಾಜ ಮಾತ್ರ ಕಾಶಿಯಲ್ಲಿ ಬಂಧಿ. ಕೊನೆಗೆ ಮಗಳ ಜೊತೆ ಹಡಗು ಹತ್ತಿದ. ಕಂಪನಿ ಬಳಿ ಇದ್ದ ಮನೆತನದ ಹಣ ವಾಪಸ್ ಬೇಕಿತ್ತು. ಮಗಳು ರಾಣಿಯ ಮಡಿಲು ಸೇರಿದರೆ ಕೆಲಸ ಸಲೀಸು ಅನ್ನೋ ಲೆಕ್ಕಾಚಾರ. ಆಗಿದ್ದೇನು? ಮಗಳು ಬೇರೆಯವರ ಪೋಷಣೆಗೆ ಹೋದಳು. 1859ರಲ್ಲಿ ಅಪ್ಪ ಲಂಡನ್ನಿನಲ್ಲೇ ಸತ್ತ. ಮರುವರ್ಷ ಮೊಕದ್ದಮೆಯೂ ಬಿದ್ದುಹೋಯ್ತು. ಅದೇ ವರ್ಷ ಗೌರಮ್ಮನಿಗೆ ತನಗಿಂತ ತುಂಬಾ ದೊಡ್ಡವನಾದ ಕರ್ನಲ್ ಕ್ಯಾಂಪ್‌ಬೆಲ್ ಜೊತೆ ಮದುವೆ. ಒಂದು ಹೆಣ್ಣುಮಗು. 1864ರಲ್ಲಿ, ಇಪ್ಪತ್ಮೂರು ತುಂಬುವಷ್ಟರಲ್ಲಿ ಕ್ಷಯದಿಂದ ಸಾವು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣಾದಳು.

ಅದೇ 1864ರಲ್ಲಿ ತೀರಿಕೊಂಡ ಇನ್ನೊಬ್ಬನ ಕಥೆಯನ್ನೂ ಕೇಳಿ. ಐರ್ಲೆಂಡಿನ ವಿಲಿಯಂ ಸ್ಮಿತ್ ಒಬ್ರಿಯನ್. ಪ್ರಾಟೆಸ್ಟೆಂಟ್ ಜಮೀನ್ದಾರ, ಸಂಸದ. 1848ರಲ್ಲಿ ಬ್ರಿಟಿಷರ ವಿರುದ್ಧವೇ ದಂಗೆ ಎದ್ದ. ಮರಣದಂಡನೆ ಆಯ್ತು, ಆಮೇಲೆ ಅದು ಗಡೀಪಾರಿಗೆ ಇಳಿಯಿತು. ಅವನ ಮಗಳು ಷಾರ್ಲೆಟ್ ಕೂಡ ಧರ್ಮ ಬದಲಿಸಿ ಕ್ಯಾಥೊಲಿಕ್ ಆದಳು. ಆದರೆ ನಲವತ್ತು ದಾಟಿದ ಮೇಲೆ, ತಾನೇ ಯೋಚಿಸಿ, ತಾನೇ ನಿರ್ಧರಿಸಿ.

ವ್ಯತ್ಯಾಸ ಇರೋದು ಇಲ್ಲೇ. ಯಾವ ದೇವರಿಗೆ ಕೈಮುಗಿದಳು ಅನ್ನೋದು ನನ್ನ ಪ್ರಶ್ನೆ ಅಲ್ಲ. ಅದು ಅವಳಿಷ್ಟ ಆಗಿತ್ತಾ ಅನ್ನೋದು ಪ್ರಶ್ನೆ. ಅಪ್ಪನಿಗೆ ಗೌರಮ್ಮ ಒಂದು ಅರ್ಜಿಯಾಗಿದ್ದಳು. ರಾಣಿಗೆ ಒಂದು ಪ್ರದರ್ಶನವಾಗಿದ್ದಳು. ಕಂಪನಿಗೆ ಲೆಕ್ಕಕ್ಕೇ ಇರಲಿಲ್ಲ.

ಇವತ್ತಿಗೂ ಆಸ್ತಿ, ಅಧಿಕಾರ, ಧರ್ಮ ಅಂತ ಮನೆಗಳು ಒಡೆಯುತ್ತಲೇ ಇವೆ. ದೊಡ್ಡವರು ಗೆದ್ದೆವು ಅಂತಾರೆ, ಸೋತೆವು ಅಂತಾರೆ. ಮೂಲೆಯಲ್ಲಿ ನಿಂತ ಮಗುವನ್ನು ನಿನಗೇನು ಬೇಕು ಅಂತ ಕೇಳೋರು ಯಾರು? ನೀವೇ ಹೇಳಿ.