ಹಳೆಯ ಕಾರಿನ ಬ್ಲಾಸ್ಟಿಂಗ್‌ಗೆ ಯಾವ ಪುಡಿ?

ಹಳೆಯ ಅಂಬಾಸಿಡರ್ ಒಂದನ್ನು ಪೂರ್ತಿ ಬಿಚ್ಚಿ ಹರಡಿದರೆ ಹಲವು ಬಗೆಯ ಲೋಹ ಕಾಣುತ್ತದೆ. ಬಾನೆಟ್ಟು, ಬಾಗಿಲು, ಡಿಕ್ಕಿಯ ಮುಚ್ಚಳ ಸುಮಾರು ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು. ಹಿಂದಿನ ಆಕ್ಸಲ್ ಕವಚ, ಲೀಫ್ ಸ್ಪ್ರಿಂಗಿನ ಪಟ್ಟಿಗಳು ದಪ್ಪ ಉಕ್ಕು. ಕಾರ್ಬ್ಯುರೇಟರ್ ಮೆತ್ತಗಿನ ಮಿಶ್ರಲೋಹದ ಎರಕ. ತುಕ್ಕು, ಹಳೆಯ ಬಣ್ಣ ತೆಗೆಯಲು ಎಲ್ಲಕ್ಕೂ ಒಂದೇ ಪುಡಿ ಹೊಡೆಸಿದರೆ ಯಾವುದಾದರೂ ಒಂದು ಕೆಡುವುದು ಖಚಿತ.

ಹೆಸರಿಗೆ ಮಾತ್ರ ಸ್ಯಾಂಡ್

ಗಾಳಿ ಅಥವಾ ಹಬೆಯ ಬಲದಿಂದ ಮರಳು ಚಿಮ್ಮಿಸುವ ಸ್ಯಾಂಡ್ ಬ್ಲಾಸ್ಟಿಂಗ್ ವಿಧಾನಕ್ಕೆ ಫಿಲಡೆಲ್ಫಿಯಾದ ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲಿ ಪೇಟೆಂಟ್ ಪಡೆದ. ಮರಳಿನ ಕಣ ಲೋಹಕ್ಕೆ ಬಡಿದು ಒಡೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ತರುತ್ತದೆ. ಅದನ್ನು ಗುಣಪಡಿಸುವ ಮದ್ದಿಲ್ಲ. ಬ್ರಿಟನ್ 1949ರಲ್ಲೇ ನಿಯಮ ತಂದು ಬ್ಲಾಸ್ಟಿಂಗ್‌ನಲ್ಲಿ ಮರಳಿನ ಬಳಕೆ ನಿಲ್ಲಿಸಿತು. ಹೊಳೆ ಮರಳನ್ನು ಜರಡಿ ಹಿಡಿದು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ಶೆಡ್ಡುಗಳಿಗೆ ಕಾರು ಕೊಡಬೇಡಿ.

ತಗಡು ಸೊಟ್ಟಗಾಗುವುದೇಕೆ

ಬಾನೆಟ್ಟು ಅಲೆಅಲೆಯಾಗಿ ಎದ್ದು ಬಂದರೆ "ಬಿಸಿಗೆ ಹೀಗಾಯಿತು" ಎನ್ನುತ್ತಾರೆ. ಬಿಸಿಯ ಪಾಲು ಕಡಿಮೆ. ಪ್ರತಿ ಕಣವೂ ಒಂದು ಪುಟಾಣಿ ಸುತ್ತಿಗೆ. ಲಕ್ಷಾಂತರ ಪೆಟ್ಟಿಗೆ ತಗಡಿನ ಒಂದು ಮುಖ ಹಿಗ್ಗುತ್ತದೆ, ಇನ್ನೊಂದು ಮುಖ ಇದ್ದಲ್ಲೇ ಇರುತ್ತದೆ. ಆಗ ತಗಡು ಬಾಗದೆ ಬೇರೆ ದಾರಿಯಿಲ್ಲ. ಇದೇ ಗುಣವನ್ನು ಎಂಜಿನಿಯರುಗಳು ಬೇಕೆಂದೇ ಬಳಸಿದ್ದಾರೆ. ಸ್ಪ್ರಿಂಗುಗಳ ಬಾಳಿಕೆ ಹೆಚ್ಚಿಸಲು ಅವುಗಳ ಮೇಲೆ ಉಕ್ಕಿನ ಗುಂಡು ಬಡಿಯುವ ಕ್ರಮವಿದೆ. ಹೊಡೆತ ಎಷ್ಟು ಜೋರು ಎಂದು ಅಳೆಯಲು ಜನರಲ್ ಮೋಟರ್ಸ್‌ನ ಜಾನ್ ಆಲ್ಮನ್ 1940ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ನೋಡುವುದು, ತೆಳು ಉಕ್ಕಿನ ಪಟ್ಟಿಯೊಂದು ಎಷ್ಟು ಬಾಗಿತು ಎಂಬುದನ್ನೇ!

ಹಾಗಾಗಿ ಅಗಲವಾದ ತಗಡಿಗೆ ಸಣ್ಣ ಕಣ, ಕಡಿಮೆ ಒತ್ತಡ, ಓರೆಯಾಗಿ ಹಿಡಿದ ನಳಿಕೆ ಬೇಕು. ಒಂದೇ ಕಡೆ ನಿಲ್ಲಿಸಕೂಡದು. ನನ್ನನ್ನು ಕೇಳಿದರೆ, ಬಾನೆಟ್ಟು ಮತ್ತು ಟಾಪಿನ ಬಣ್ಣವನ್ನು ರಾಸಾಯನಿಕದಿಂದ ತೆಗೆದು, ತುಕ್ಕು ಹಿಡಿದ ಅಂಚುಗಳಿಗೆ ಮಾತ್ರ ಬ್ಲಾಸ್ಟಿಂಗ್ ಮಾಡಿಸುವುದೇ ಸರಿ.

ಯಾವುದಕ್ಕೆ ಯಾವುದು

ದಪ್ಪ ಉಕ್ಕಿಗೆ, ಜೀಪಿನ ಚಾಸಿಗೆ, ಗಾರ್ನೆಟ್ ಒಳ್ಳೆಯ ಆಯ್ಕೆ. ಮೋಸ್ ಮಾಪನದಲ್ಲಿ ಇದರ ಗಡಸುತನ 7ರಿಂದ 7.5. ತಮಿಳುನಾಡಿನ ಕಡಲತೀರದ ಮರಳಿನಲ್ಲೇ ಈ ಖನಿಜವಿದೆ. ಅಲ್ಯೂಮಿನಿಯಂ ಆಕ್ಸೈಡ್ 9ರಷ್ಟು ಗಡಸು. ಬೇಗ ಕತ್ತರಿಸುತ್ತದೆ, ಮುಚ್ಚಿದ ಕ್ಯಾಬಿನೆಟ್‌ನಲ್ಲಾದರೆ ಮತ್ತೆ ಮತ್ತೆ ಬಳಸಬಹುದು. ಕೊಂಡುಕೊಳ್ಳುವಾಗ ಮೆಶ್ ಸಂಖ್ಯೆ ನೋಡಿ: ಸಂಖ್ಯೆ ದೊಡ್ಡದಾದಷ್ಟೂ ಕಣ ಚಿಕ್ಕದು.

ಗಾಜಿನ ಮಣಿ ಕತ್ತರಿಸುವುದಕ್ಕಿಂತ ಮೇಲ್ಮೈ ನಯಗೊಳಿಸುವುದೇ ಹೆಚ್ಚು. ಕಾರ್ಬ್ಯುರೇಟರಿನ ಹೊರಮೈಗೆ ಚೆಂದ, ಬಣ್ಣ ಹಿಡಿಯಬೇಕಾದ ತಗಡಿಗೆ ಬೇಡ. ಎಂಜಿನ್ ಒಳಭಾಗಕ್ಕಂತೂ ಬೇಡವೇ ಬೇಡ: ಆಯಿಲ್ ಕೊಳವೆಯಲ್ಲಿ ಉಳಿದ ನಾಲ್ಕು ಮಣಿ ಬೇರಿಂಗನ್ನು ತಿಂದುಹಾಕುತ್ತವೆ. ಅಲ್ಯೂಮಿನಿಯಂ ಬಾಡಿಗೆ ಪ್ಲಾಸ್ಟಿಕ್ ಹರಳು ಅಥವಾ ಅಕ್ರೋಟ್ ಚಿಪ್ಪಿನ ಪುಡಿ. ಉಕ್ಕಿಗೆ ಹೊಡೆದ ಪುಡಿಯನ್ನೇ ಅದಕ್ಕೂ ಹೊಡೆದರೆ ಕಬ್ಬಿಣದ ಚೂರು ನಾಟಿಕೊಂಡು ಸವಕಳಿ ಶುರುವಾಗುತ್ತದೆ.

ತಳಕ್ಕೆ ಬಳಿದ ರಬ್ಬರಿನಂಥ ಲೇಪ ಯಾವ ಗಡಸು ಪುಡಿಗೂ ಜಗ್ಗದು, ಕಣಗಳು ಪುಟಿದು ವಾಪಸ್ ಬರುತ್ತವೆ. ಅದನ್ನು ಬಿಸಿಗಾಳಿ ಹಾಯಿಸಿ ಕೆರೆಯಬೇಕು. ಹಳೆಯ ಬ್ರೇಕ್ ಭಾಗಗಳನ್ನು ಬ್ಲಾಸ್ಟ್ ಮಾಡಿಸಲೇಬೇಡಿ, ಅವುಗಳ ದೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು.

ಸೋಡಾದ ಮಿತಿ

ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯನ್ನು 1980ರ ದಶಕದಲ್ಲಿ ದುರಸ್ತಿ ಮಾಡುವಾಗ ತಾಮ್ರದ ಒಳಮೈಗೆ ಅಂಟಿದ್ದ ಟಾರನ್ನು ತೆಗೆದದ್ದು ಅಡುಗೆ ಸೋಡಾ ಚಿಮ್ಮಿಸಿ. ಅದು ಬಣ್ಣ ತೆಗೆಯುತ್ತದೆ, ತಗಡು ಸೊಟ್ಟ ಮಾಡುವುದಿಲ್ಲ. ಆದರೆ ತುಕ್ಕು ತೆಗೆಯುವ ಗಡಸು ಅದಕ್ಕಿಲ್ಲ. ಸಂದಿಗಳಲ್ಲಿ ಉಳಿದ ಸೋಡಾ ತೊಳೆದುಹೋಗದಿದ್ದರೆ ಪ್ರೈಮರ್ ಕಿತ್ತು ಬರುತ್ತದೆ.

ಗಾಳಿ ಮತ್ತು ತೇವ

ನಳಿಕೆಯ ರಂಧ್ರದ ವ್ಯಾಸ ಇಮ್ಮಡಿಯಾದರೆ ಬೇಕಾಗುವ ಗಾಳಿ ನಾಲ್ಕು ಪಟ್ಟಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಈ ಕೆಲಸಕ್ಕೆ ಸಾಲದು. ಗಾಳಿಯಲ್ಲಿ ನೀರಿದ್ದರೆ ಪುಡಿ ಗಂಟು ಕಟ್ಟುತ್ತದೆ. ಬ್ಲಾಸ್ಟ್ ಆದ ಉಕ್ಕನ್ನು ಬರಿಗೈಯಲ್ಲಿ ಮುಟ್ಟದೆ ಅದೇ ದಿನ ಎಪಾಕ್ಸಿ ಪ್ರೈಮರ್ ಬಳಿಯಬೇಕು. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಕೆಲವೇ ಗಂಟೆಗಳಲ್ಲಿ ಕಂದು ಬಣ್ಣ ಕಾಣಿಸಿಕೊಳ್ಳುವುದರಿಂದ ಅಲ್ಲಿಯವರು ಈ ಕೆಲಸವನ್ನು ಡಿಸೆಂಬರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.